ಸಂಜೆಯಿಂದ ರಾತ್ರಿಗೆ ಟೈಮ್‌ಲ್ಯಾಪ್ಸ್: ವಿಡಿಯೊ ಮಿನುಗುವುದೇಕೆ, ಕಪ್ಪಾಗುವುದೇಕೆ?

ಪ್ರಶ್ನೆ: ನನ್ನ ಬಳಿ ಕೆಲವು ವರ್ಷ ಹಳೆಯದಾದ ಡಿಎಸ್‌ಎಲ್‌ಆರ್ ಕ್ಯಾಮೆರಾ, ಎಫ್/2.8ರವರೆಗೆ ತೆರೆಯುವ ವೈಡ್ ಲೆನ್ಸ್ ಮತ್ತು ಗಟ್ಟಿಯಾದ ಟ್ರೈಪಾಡ್ ಇವೆ. ಗುಡ್ಡದ ಮೇಲಿನಿಂದ ಕೆಳಗಿನ ಪಟ್ಟಣವೂ ಆಕಾಶವೂ ಕಾಣುವಂತೆ ಕ್ಯಾಮೆರಾ ಇಟ್ಟು, ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಆರಂಭಿಸಿ ನಕ್ಷತ್ರಗಳು ಮೂಡುವವರೆಗೆ ಒಟ್ಟು ಮೂರು ಗಂಟೆ ಟೈಮ್‌ಲ್ಯಾಪ್ಸ್ (ಬಿಡಿ ಚಿತ್ರಗಳನ್ನು ಜೋಡಿಸಿ ಮಾಡುವ ವೇಗದ ವಿಡಿಯೊ) ತೆಗೆದೆ. ಅಪರ್ಚರ್ ಪ್ರಯಾರಿಟಿ, ಎಫ್/8, ಆಟೊ ಐಎಸ್‌ಒ, ಆಟೊ ವೈಟ್ ಬ್ಯಾಲೆನ್ಸ್, ಜೆಪೆಗ್, 10 ಸೆಕೆಂಡಿಗೊಂದು ಚಿತ್ರ. ವಿಡಿಯೊ ಮಾಡಿ ನೋಡಿದರೆ ಉದ್ದಕ್ಕೂ ಮಿನುಗುತ್ತದೆ. ಕತ್ತಲಾಗಬೇಕಾದ ಹೊತ್ತಿಗೆ ಆಕಾಶ ಮತ್ತೆ ಬೆಳಗಾಗಿ ಬೂದು ಬಣ್ಣಕ್ಕೆ ತಿರುಗಿದೆ. ಕೊನೆಯಲ್ಲಿ ನಕ್ಷತ್ರಗಳು ಇದ್ದಕ್ಕಿದ್ದಂತೆ ಓಡತೊಡಗುತ್ತವೆ. 1080 ಚಿತ್ರ ಬರಬೇಕಿತ್ತು, ಬಂದದ್ದು 800 ಚಿಲ್ಲರೆ. ಮರುವಾರ ಎಲ್ಲವನ್ನೂ ಮ್ಯಾನುಯಲ್ ಮಾಡಿ, ಎಫ್/8, 1/125, ಐಎಸ್‌ಒ 100ರಲ್ಲಿ ಬಿಟ್ಟೆ. ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ಎಲ್ಲವೂ ಕಪ್ಪು. ಚೆನ್ನಾಗಿ ಬಂದಿರುವ ಮೊದಲ ಭಾಗವೂ ಸಣ್ಣಗೆ ಮಿನುಗುತ್ತದೆ. ನನಗೆ ಅರ್ಥವಾಗದ್ದು ಅದೇ. ಮಿನುಗು ತೆಗೆಯುವ ಡಿಫ್ಲಿಕರ್ ಸಾಫ್ಟ್‌ವೇರ್ ಇದ್ದರೆ ಸಾಕು ಎಂದು ಒಬ್ಬರು, ಎಕ್ಸ್‌ಪೋಷರನ್ನು ತಾನಾಗಿ ಬದಲಿಸುವ ಉಪಕರಣ ಕೊಳ್ಳದೆ ಇದು ಆಗದ ಕೆಲಸ ಎಂದು ಇನ್ನೊಬ್ಬರು. ಯಾವುದು ನಿಜ? ತೆಗೆದಿರುವ ಚಿತ್ರಗಳನ್ನು ಉಳಿಸಿಕೊಳ್ಳಬಹುದೇ? ಮುಂದೆ ಸೂರ್ಯೋದಯವನ್ನೂ ತೆಗೆಯುವ ಆಸೆಯಿದೆ.

ಉತ್ತರ: ನೀವು ಇಷ್ಟು ವಿವರ ಬರೆದದ್ದು ಒಳ್ಳೆಯದಾಯಿತು. ಸಾಮಾನ್ಯವಾಗಿ 'ವಿಡಿಯೊ ಮಿನುಗುತ್ತಿದೆ, ಏನು ಮಾಡಲಿ' ಎಂಬ ಒಂದು ಸಾಲಷ್ಟೇ ಬರುತ್ತದೆ, ಕಾರಣ ಹುಡುಕಲು ಹಿಡಿತ ಸಿಗುವುದಿಲ್ಲ. ನಿಮ್ಮ ಪತ್ರದಲ್ಲಿ ಎಲ್ಲ ಸುಳಿವುಗಳೂ ಇವೆ. ನಿಮಗೆ ಒಂದೇ ತೊಂದರೆಯಂತೆ ಕಾಣುತ್ತಿರುವುದು ನಿಜಕ್ಕೂ ನಾಲ್ಕು ಬೇರೆ ಬೇರೆ ತೊಂದರೆಗಳು. ಮೀಟರಿನಿಂದ (ಕ್ಯಾಮೆರಾದೊಳಗೆ ಬೆಳಕು ಅಳೆಯುವ ಸಾಧನ) ಬಂದ ಮಿನುಗು, ಲೆನ್ಸ್‌ನಿಂದ ಬಂದ ಮಿನುಗು, ರಾತ್ರಿಯನ್ನು ಹಗಲು ಮಾಡುವ ಆಟೊ ಎಕ್ಸ್‌ಪೋಷರ್, ಮತ್ತು ಇಂಟರ್ವಲ್‌ಗಿಂತ, ಎಂದರೆ ಎರಡು ಚಿತ್ರಗಳ ನಡುವಿನ ಅಂತರಕ್ಕಿಂತ, ಉದ್ದವಾದ ಶಟರ್. ಒಂದರ ಮದ್ದು ಇನ್ನೊಂದಕ್ಕೆ ಆಗದು. ಆದ್ದರಿಂದಲೇ ಎಲ್ಲವನ್ನೂ ಮ್ಯಾನುಯಲ್‌ಗೆ ತಿರುಗಿಸಿದರೂ ನಿಮಗೆ ಪೂರ್ಣ ಪರಿಹಾರ ಸಿಗಲಿಲ್ಲ.

ಸುಲಭದ್ದನ್ನು ಮೊದಲು ಮುಗಿಸೋಣ. ಚಿತ್ರಗಳು ಕಡಿಮೆಯಾದದ್ದೂ ನಕ್ಷತ್ರಗಳು ಓಡಿದ್ದೂ ಒಂದೇ ಕಾರಣಕ್ಕೆ. ಅಪರ್ಚರ್ ಪ್ರಯಾರಿಟಿಯಲ್ಲಿ ಅಪರ್ಚರ್, ಎಂದರೆ ಲೆನ್ಸಿನ ಕಿಂಡಿ, ನೀವು ಇಟ್ಟಷ್ಟೇ ಇರುತ್ತದೆ, ಶಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಕ್ಯಾಮೆರಾ ನಿರ್ಧರಿಸುತ್ತದೆ. ಎಫ್/8ರಷ್ಟು ಕಿರಿದಾದ ಕಿಂಡಿ, ಮೇಲೆ ಕತ್ತಲು. ಐಎಸ್‌ಒ, ಎಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, ತನ್ನ ಮಿತಿ ಮುಟ್ಟಿದ ಮೇಲೆ ಕ್ಯಾಮೆರಾ 15 ಸೆಕೆಂಡು, 20 ಸೆಕೆಂಡು, ಕೊನೆಗೆ 30 ಸೆಕೆಂಡಿನವರೆಗೆ ಹೋಗಿದೆ. ನೀವು ಕೇಳಿದ್ದು 10 ಸೆಕೆಂಡಿಗೊಂದು ಚಿತ್ರ. ಶಟರ್ ಇನ್ನೂ ತೆರೆದಿರುವಾಗ ಬಂದ ಆದೇಶಗಳನ್ನು ಕ್ಯಾಮೆರಾ ಬಿಟ್ಟುಬಿಡುತ್ತದೆ. ಹೀಗಾಗಿ ಕೊನೆಯ ಭಾಗದಲ್ಲಿ 10 ಸೆಕೆಂಡಿನ ಬದಲು ಸುಮಾರು 40 ಸೆಕೆಂಡಿಗೊಂದು ಚಿತ್ರ ಬಿದ್ದಿದೆ. ವಿಡಿಯೊದಲ್ಲಿ ಕಾಲ ನಾಲ್ಕು ಪಟ್ಟು ಬೇಗ ಓಡಿದಂತಾಯಿತು. ಇಲ್ಲಿ ತಿಳಿದಿರಬೇಕಾದ ಒಂದು ಸಣ್ಣ ಸಂಗತಿಯಿದೆ. ಕ್ಯಾಮೆರಾ '30 ಸೆಕೆಂಡು' ಎಂದು ತೋರಿಸುವ ಶಟರ್ ಬಹಳಷ್ಟು ಕ್ಯಾಮೆರಾಗಳಲ್ಲಿ ವಾಸ್ತವವಾಗಿ 32 ಸೆಕೆಂಡು, '15' ಎಂದರೆ 16. ಶಟರ್ ಪ್ರತಿ ಹಂತದಲ್ಲೂ ದ್ವಿಗುಣವಾಗುತ್ತ ಹೋಗುವುದರಿಂದ ನಿಜವಾದ ಸರಣಿ 1, 2, 4, 8, 16, 32. ಪರದೆಯ ಮೇಲಿನದು ಓದಲು ಅನುಕೂಲವಾಗಲೆಂದು ದುಂಡುಮಾಡಿದ ಸಂಖ್ಯೆ. 30 ಸೆಕೆಂಡಿನ ಇಂಟರ್ವಲ್‌ಗೆ 30 ಸೆಕೆಂಡಿನ ಶಟರ್ ಇಟ್ಟು ಅರ್ಧದಷ್ಟು ಚಿತ್ರ ಕಳೆದುಕೊಂಡವರು ಇದೇ ಕಾರಣಕ್ಕೆ ಕಳೆದುಕೊಂಡಿರುತ್ತಾರೆ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಯ್ಕೆಯೂ ಆಫ್ ಆಗಿರಲಿ. ಅದು ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತು ಶಟರ್ ಮುಚ್ಚಿಟ್ಟು ಇನ್ನೊಂದು ಕಪ್ಪು ಚಿತ್ರ ತೆಗೆಯುತ್ತದೆ, ನಿಮ್ಮ ಸಮಯ ಇಮ್ಮಡಿಯಾಗುತ್ತದೆ.

ಈಗ ಮುಖ್ಯ ವಿಷಯ. ಬೆಳಕು ಎಷ್ಟು ಬದಲಾಗುತ್ತದೆ ಎಂಬುದರ ಅಂದಾಜು ಹೆಚ್ಚಿನವರಿಗೆ ಇರುವುದಿಲ್ಲ, ಏಕೆಂದರೆ ನಮ್ಮ ಕಣ್ಣು ಅದನ್ನು ಮರೆಮಾಚುತ್ತದೆ. ಬೆಳಕಿನ ಮಟ್ಟವನ್ನು ಇವಿ (ಎಕ್ಸ್‌ಪೋಷರ್ ವ್ಯಾಲ್ಯೂ) ಎಂಬ ಅಂಕೆಯಲ್ಲಿ ಹೇಳುತ್ತಾರೆ, ಒಂದು ಅಂಕೆಯ ವ್ಯತ್ಯಾಸವೇ ಒಂದು ಸ್ಟಾಪ್. ನಡುಹಗಲಿನ ಬಿಸಿಲಿನ ನೋಟ ಇವಿ 15ರ ಆಸುಪಾಸು. ನೀವು ಆರಂಭಿಸಿದಾಗ ಇಟ್ಟ ಎಫ್/8, 1/125, ಐಎಸ್‌ಒ 100 ಎಂದರೆ ಇವಿ 13. ಸೂರ್ಯ ಮುಳುಗಿ ಇಪ್ಪತ್ತೈದು ನಿಮಿಷವಾಗುವಾಗ ಅದು ಇವಿ 5ರ ಸುತ್ತ ಬಂದಿರುತ್ತದೆ. ಹುಣ್ಣಿಮೆಯ ಬೆಳಕಿನ ನೆಲ ಇವಿ ಮೈನಸ್ 2 ಅಥವಾ 3. ಚಂದ್ರನಿಲ್ಲದ ನಕ್ಷತ್ರದ ಆಕಾಶ ಮೈನಸ್ 6ರ ಕೆಳಗೂ ಹೋಗುತ್ತದೆ. ಒಂದೊಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು. ಬಿಸಿಲಿನಿಂದ ಚುಕ್ಕಿಗಳವರೆಗಿನ ಇಪ್ಪತ್ತು ಸ್ಟಾಪ್ ಎಂದರೆ ಬೆಳಕು ಸುಮಾರು ಹತ್ತು ಲಕ್ಷದಲ್ಲೊಂದು ಭಾಗಕ್ಕೆ ಇಳಿಯುವುದು. ಒಂದೇ ಸೆಟ್ಟಿಂಗ್ ಇಟ್ಟುಕೊಂಡು ಇಷ್ಟು ದೂರ ಹೋಗಬಲ್ಲ ಕ್ಯಾಮೆರಾ ಇನ್ನೂ ಹುಟ್ಟಿಲ್ಲ. ನಿಮ್ಮ ಎರಡನೆಯ ಪ್ರಯತ್ನ ಕಪ್ಪಾದದ್ದು ಸಹಜ, ಅದರಲ್ಲಿ ಕ್ಯಾಮೆರಾದ ದೋಷವೇನೂ ಇಲ್ಲ.

ಇಳಿತದ ವೇಗವೂ ಎಲ್ಲ ಕಡೆ ಒಂದೇ ಅಲ್ಲ. ಸಮಭಾಜಕ ವೃತ್ತಕ್ಕೆ ಹತ್ತಿರದ ನಾಡುಗಳಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ದಿಗಂತದ ಕೆಳಗೆ ಇಳಿಯುತ್ತಾನೆ, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ. ಅಲ್ಲಿ ಮುಸ್ಸಂಜೆಯ ಅತಿ ಕಡಿದಾದ ಹಂತದಲ್ಲಿ ಮೂರು–ನಾಲ್ಕು ನಿಮಿಷಕ್ಕೊಂದು ಸ್ಟಾಪ್ ಕಳೆಯುತ್ತದೆ. ಧ್ರುವಗಳತ್ತ ಹೋದಂತೆ ಸೂರ್ಯ ಓರೆಯಾಗಿ ಜಾರುತ್ತಾನೆ, ಸಂಜೆ ಹಿಗ್ಗುತ್ತದೆ. ಪಟ್ಟಣದ ದೀಪಗಳಿರುವ ನೋಟದಲ್ಲಿ ಇಳಿತ ಒಂದು ಹಂತದಲ್ಲಿ ನಿಂತುಬಿಡುತ್ತದೆ, ಏಕೆಂದರೆ ದೀಪಗಳು ಅದನ್ನು ಹಿಡಿದು ನಿಲ್ಲಿಸುತ್ತವೆ. ಸೂರ್ಯಾಸ್ತಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಬದಲಾವಣೆ ನಿಧಾನ. ಹೊಸಬರು ಆ ಅರ್ಧ ಗಂಟೆ ನೋಡಿ 'ಇಷ್ಟೇ ತಾನೆ' ಎಂದು ನಿರಾಳರಾಗುತ್ತಾರೆ, ಆಮೇಲೆ ಬೆಳಕು ಕೈಬಿಡುತ್ತದೆ.

ಹಾಗಿದ್ದರೆ ಆಟೊ ಎಕ್ಸ್‌ಪೋಷರ್ ಸರಿಯಾದ ದಾರಿಯಲ್ಲವೇ? ಅದು ಇರುವುದೇ ಬೆಳಕಿನ ಬೆನ್ನು ಹತ್ತಲಿಕ್ಕೆ. ಆದರೆ ಮೀಟರ್ ಪ್ರತಿ ಚಿತ್ರವನ್ನೂ ತನ್ನ ಬದುಕಿನ ಮೊದಲ ಚಿತ್ರವೆಂಬಂತೆ ನೋಡುತ್ತದೆ. ಹಿಂದಿನ ಫ್ರೇಮ್‌ನಲ್ಲಿ ತಾನು ಏನು ನಿರ್ಧರಿಸಿದೆ ಎಂಬುದರ ಲೆಕ್ಕ ಅದಕ್ಕಿಲ್ಲ. ಒಂದು ವಾಹನದ ಹೆಡ್‌ಲೈಟ್ ಕ್ಯಾಮೆರಾ ಕಡೆ ತಿರುಗಿತು, ಅದು ಚಿತ್ರವನ್ನು ಕಪ್ಪಾಗಿಸುತ್ತದೆ. ಮುಂದಿನ ಚಿತ್ರಕ್ಕೆ ವಾಹನ ಹೋಯಿತು, ಮತ್ತೆ ಬೆಳಗಿಸುತ್ತದೆ. ಕಪ್ಪು ಮೋಡವೊಂದು ನಡುವೆ ಬಂದರೆ ಇದರ ತಿರುಗುಮುರುಗು. ಮೇಲಾಗಿ ಕ್ಯಾಮೆರಾ ಎಕ್ಸ್‌ಪೋಷರನ್ನು ಮೂರನೇ ಒಂದು ಸ್ಟಾಪ್‌ನ ಮೆಟ್ಟಿಲುಗಳಲ್ಲಿ ಬದಲಿಸುತ್ತದೆ. ಬೆಳಕು ಎರಡು ಮೆಟ್ಟಿಲುಗಳ ನಡುವೆ ಇದ್ದಾಗ ಒಂದು ಚಿತ್ರಕ್ಕೆ ಮೇಲಿನದು, ಇನ್ನೊಂದಕ್ಕೆ ಕೆಳಗಿನದು ಎಂದು ಓಲಾಡುತ್ತದೆ. ಬಿಡಿ ಚಿತ್ರದಲ್ಲಿ ಮೂರನೇ ಒಂದು ಸ್ಟಾಪ್ ಯಾರಿಗೂ ಕಾಣುವುದಿಲ್ಲ. ಸೆಕೆಂಡಿಗೆ 25 ಚಿತ್ರದಂತೆ ಓಡಿಸಿದಾಗ ಅದೇ ಕಣ್ಣಿಗೆ ಚುಚ್ಚುತ್ತದೆ. ಡಿಎಸ್‌ಎಲ್‌ಆರ್ ಆದ್ದರಿಂದ ಇನ್ನೊಂದು ದಾರಿಯೂ ಇದೆ. ಹಿಂದಿನ ವ್ಯೂಫೈಂಡರ್ ಮೂಲಕ ಬೆಳಕು ಒಳಗೆ ನುಗ್ಗಿ ಮೀಟರಿನ ದಾರಿ ತಪ್ಪಿಸುತ್ತದೆ. ನೀವು ಟಾರ್ಚ್ ಹಿಡಿದು ಕ್ಯಾಮೆರಾದ ಹಿಂದೆ ಓಡಾಡಿದ್ದರೆ ಅದರ ಗುರುತು ವಿಡಿಯೊದಲ್ಲಿ ಇರಲೇಬೇಕು. ವ್ಯೂಫೈಂಡರಿಗೆ ಮುಚ್ಚಳ ಹಾಕಿ, ಇಲ್ಲವೇ ಕಪ್ಪು ಟೇಪ್ ಅಂಟಿಸಿ.

ಆಕಾಶ ಬೂದಾದದ್ದೂ ಮೀಟರಿನ ಕೆಲಸವೇ. ಎದುರಿಗೆ ಏನೇ ಇರಲಿ, ಅದನ್ನು ನಡುಮಟ್ಟದ ಬೂದು ಹೊಳಪಿಗೆ ತರುವುದು ಅದರ ಗುರಿ. ರಾತ್ರಿ ಕಪ್ಪಾಗಿರಬೇಕು ಎಂಬುದು ನಿಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಹಲವು ಇವಿ 0ಗಿಂತ ಕೆಳಗಿನ ಬೆಳಕನ್ನು ನಂಬುವಂತೆ ಅಳೆಯುವುದೂ ಇಲ್ಲ. ಅಲ್ಲಿಂದಾಚೆಗೆ ಅದು ಕೊಡುವ ಉತ್ತರ ಬರೀ ಊಹೆ. ಬಣ್ಣವನ್ನು ತಾನಾಗಿ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ಕೂಡ ಇದೇ ಜಾತಿಯದು. ಸಂಜೆಯ ಕೆಂಪನ್ನು ಕಂಡು ಅದನ್ನು 'ಸರಿಪಡಿಸಿ' ತಣ್ಣಗಾಗಿಸುತ್ತದೆ, ದೀಪ ಹತ್ತಿದೊಡನೆ ಮತ್ತೆ ಮನಸ್ಸು ಬದಲಿಸುತ್ತದೆ.

ಇನ್ನು ನಿಮ್ಮನ್ನು ಹೆಚ್ಚು ಕಾಡಿದ ಪ್ರಶ್ನೆ. ಎಲ್ಲ ಮ್ಯಾನುಯಲ್ ಇದ್ದರೂ ಮಿನುಗಿದ್ದೇಕೆ? 'ಮ್ಯಾನುಯಲ್ ಎಂದರೆ ಮಿನುಗು ಇಲ್ಲ' ಎಂಬ ನಂಬಿಕೆ ಬಹಳ ಆಳವಾಗಿ ಬೇರೂರಿದೆ, ಆದರೆ ಅದು ಅರ್ಧ ಸತ್ಯ. ಡಿಎಸ್‌ಎಲ್‌ಆರ್ ಲೆನ್ಸ್‌ನಲ್ಲಿ ನೀವು ಎಫ್/8 ಎಂದು ಇಟ್ಟರೂ, ಲೆನ್ಸ್ ಸದಾ ಪೂರ್ತಿ ತೆರೆದೇ ಇರುತ್ತದೆ, ವ್ಯೂಫೈಂಡರ್ ಬೆಳಗಾಗಿ ಕಾಣಲೆಂದು. ಶಟರ್ ಒತ್ತಿದ ಕ್ಷಣದಲ್ಲಿ ಒಳಗಿನ ಸಣ್ಣ ರೆಕ್ಕೆಗಳು ಎಫ್/8ಕ್ಕೆ ಮುಚ್ಚಿಕೊಳ್ಳುತ್ತವೆ, ಚಿತ್ರವಾದ ಮೇಲೆ ಮತ್ತೆ ತೆರೆಯುತ್ತವೆ. ಪ್ರತಿ ಬಾರಿಯೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಅದೇ ಜಾಗಕ್ಕೆ ಬಂದು ನಿಲ್ಲುವುದು ಯಾಂತ್ರಿಕವಾಗಿ ಕಷ್ಟ. ಕಿಂಡಿ ಕಿರಿದಾದಷ್ಟೂ ಅದೇ ಸಣ್ಣ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಎಫ್/4ಕ್ಕಿಂತ ಎಫ್/8ರಲ್ಲಿ, ಎಫ್/8ಕ್ಕಿಂತ ಎಫ್/16ರಲ್ಲಿ ಹೆಚ್ಚು. ಇದು ಎಕ್ಸಿಫ್ ಮಾಹಿತಿಯಲ್ಲಿ (ಚಿತ್ರದ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಸೆಟ್ಟಿಂಗ್‌ಗಳ ದಾಖಲೆ) ದಾಖಲಾಗುವುದಿಲ್ಲ. ಅಲ್ಲಿ ಎಲ್ಲ ಚಿತ್ರಕ್ಕೂ ಎಫ್/8 ಎಂದೇ ಬರೆದಿರುತ್ತದೆ. ನೀವು ಕಂಡ ಸಣ್ಣ ಮಿನುಗು ಇದೇ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಲ್ಲೆ.

ಇದಕ್ಕೆ ಅತ್ಯಂತ ಸರಳ ಪರಿಹಾರ ಲೆನ್ಸನ್ನು ಪೂರ್ತಿ ತೆರೆದಿಡುವುದು, ನಿಮ್ಮದರಲ್ಲಿ ಎಫ್/2.8. ರೆಕ್ಕೆಗಳು ಚಲಿಸುವುದೇ ಇಲ್ಲವಾದ್ದರಿಂದ ತಪ್ಪುವ ಮಾತೇ ಇಲ್ಲ. ವೈಡ್ ಲೆನ್ಸ್‌ನಲ್ಲಿ ದೂರದ ನೋಟಕ್ಕೆ ಎಫ್/2.8ರಲ್ಲೂ ಫೋಕಸ್‌ಗೆ ಸಾಕಷ್ಟು ಆಳ ಸಿಗುತ್ತದೆ. ಮೂಲೆಗಳು ತುಸು ಮೃದುವಾಗಬಹುದು, ಅಷ್ಟೇ. ಕೈಯಿಂದ ತಿರುಗಿಸುವ ಅಪರ್ಚರ್ ಉಂಗುರವಿರುವ ಪೂರ್ತಿ ಮ್ಯಾನುಯಲ್ ಲೆನ್ಸ್ ಇನ್ನೊಂದು ಒಳ್ಳೆಯ ದಾರಿ. ಕ್ಯಾನನ್ ಡಿಎಸ್‌ಎಲ್‌ಆರ್ ಬಳಸುವವರು ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿ ಒತ್ತಿಹಿಡಿದು ಲೆನ್ಸನ್ನು ಸ್ವಲ್ಪ ತಿರುಗಿಸಿ ಸಂಪರ್ಕ ತಪ್ಪಿಸುವ ಉಪಾಯ ಮಾಡುತ್ತಾರೆ, ರೆಕ್ಕೆಗಳು ಮುಚ್ಚಿದಂತೆಯೇ ಉಳಿಯುತ್ತವೆ. ಅದು ಕೆಲಸ ಮಾಡುತ್ತದೆ, ಆದರೆ ಲೆನ್ಸ್ ಬೀಗ ಬೀಳದೆ ನೇತಾಡುತ್ತಿರುತ್ತದೆ ಎಂಬುದನ್ನು ಮರೆಯಬೇಡಿ. ಗುಡ್ಡದ ಮೇಲೆ, ಕತ್ತಲಲ್ಲಿ, ಗಾಳಿಗೆ ಒಡ್ಡಿಕೊಂಡ ಟ್ರೈಪಾಡಿನ ಮೇಲೆ ನಾನದನ್ನು ಯಾರಿಗೂ ಹೇಳಿಕೊಡುವುದಿಲ್ಲ.

ಇಲ್ಲಿಗೆ ಕಾರಣಗಳಾದವು. ಇನ್ನು ಮಾಡಬೇಕಾದದ್ದು. ಇದರ ಹಿಂದಿರುವ ಒಂದು ವಿಚಾರ ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ಸಲೀಸು. ಎಕ್ಸ್‌ಪೋಷರ್ ಜಿಗಿಯುವುದರಿಂದ ಟೈಮ್‌ಲ್ಯಾಪ್ಸ್ ಕೆಡುವುದಿಲ್ಲ. ಲೆಕ್ಕವಿಲ್ಲದೆ ಜಿಗಿದರೆ ಕೆಡುತ್ತದೆ. 412ನೆಯ ಚಿತ್ರದಲ್ಲಿ ಶಟರ್ ಮೂರನೇ ಒಂದು ಸ್ಟಾಪ್ ಹೆಚ್ಚಾಯಿತು ಎಂಬುದು ದಾಖಲೆಯಲ್ಲಿದ್ದರೆ, ಆ ಜಿಗಿತವನ್ನು ಆಮೇಲೆ ಗಣಿತದಿಂದ ಬಹುಮಟ್ಟಿಗೆ ಅಳಿಸಬಹುದು. ಲೆನ್ಸಿನ ರೆಕ್ಕೆ ಎಲ್ಲಿ ಎಷ್ಟು ತಪ್ಪಿತು ಎಂಬುದಕ್ಕೆ ದಾಖಲೆಯೇ ಇಲ್ಲ. ಅದನ್ನು ಚಿತ್ರದ ಹೊಳಪು ನೋಡಿ ಅಂದಾಜಿನಲ್ಲೇ ಸರಿಪಡಿಸಬೇಕು.

ನಾನು ನಿಮಗೆ ಸೂಚಿಸುವುದು ಕೈಯಿಂದಲೇ ಏರಿಸುತ್ತ ಹೋಗುವ ಕ್ರಮ. ಪೂರ್ತಿ ಮ್ಯಾನುಯಲ್, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಮಾಹಿತಿ), ಎಫ್/2.8, ವೈಟ್ ಬ್ಯಾಲೆನ್ಸ್ ಡೇಲೈಟ್‌ನಲ್ಲಿ ಸ್ಥಿರ, ಫೋಕಸ್ ಮ್ಯಾನುಯಲ್, ಲೆನ್ಸಿನ ಸ್ಟೆಬಿಲೈಸೇಷನ್ ಆಫ್. ಇಂಟರ್ವಲ್ 12 ಸೆಕೆಂಡು ಇಡಿ, ಶಟರ್ 8 ಸೆಕೆಂಡು ದಾಟಕೂಡದು ಎಂದು ಮೊದಲೇ ಗೆರೆ ಎಳೆದುಕೊಳ್ಳಿ. ಉಳಿದ ನಾಲ್ಕು ಸೆಕೆಂಡು ಕಾರ್ಡಿಗೆ ಬರೆಯಲು, ಸೆಟ್ಟಿಂಗ್ ಬದಲಿಸಲು. ನಿಮ್ಮ ಇವಿ 13ರ ಆರಂಭಕ್ಕೆ ಎಫ್/2.8, ಐಎಸ್‌ಒ 100ರಲ್ಲಿ ಶಟರ್ 1/1000 ಬರುತ್ತದೆ. ಅಲ್ಲಿಂದ 8 ಸೆಕೆಂಡಿನವರೆಗೆ 13 ಸ್ಟಾಪ್. ಶಟರ್ ಆ ಗೆರೆ ಮುಟ್ಟಿದ ಮೇಲೆ ಐಎಸ್‌ಒ 100ರಿಂದ 3200ಕ್ಕೆ ಇನ್ನೂ 5 ಸ್ಟಾಪ್. ಒಟ್ಟು 18. ಅಂದರೆ ಇವಿ 13ರಿಂದ ಮೈನಸ್ 5ರವರೆಗೆ ನಿಮ್ಮ ಕೈಲಿರುವ ಸಾಮಾನಿನಲ್ಲೇ ದಾರಿಯಿದೆ, ಪಟ್ಟಣದ ದೀಪಗಳಿರುವ ನೋಟಕ್ಕೆ ಅದು ಸಾಕು. ಎಫ್/8ರಲ್ಲೇ ಉಳಿದಿದ್ದರೆ ಕೊನೆಯ ಮೂರು ಸ್ಟಾಪ್‌ಗಾಗಿ ಐಎಸ್‌ಒ 25600ಕ್ಕೆ ಹೋಗಬೇಕಾಗುತ್ತಿತ್ತು.

ಮೊದಲು ಶಟರ್, ಆಮೇಲೆ ಐಎಸ್‌ಒ. ಈ ಕ್ರಮ ಮುಖ್ಯ. ಶಟರ್ ಉದ್ದವಾದಾಗ ಚಿತ್ರದ ಗುಣಮಟ್ಟಕ್ಕೆ ಧಕ್ಕೆಯಿಲ್ಲ, ಚಲನೆ ಇನ್ನಷ್ಟು ಮೃದುವಾಗುತ್ತದೆ. ಐಎಸ್‌ಒ ಏರಿಸಿದಾಗ ಮಾತ್ರ ಬೆಲೆ ತೆರಬೇಕು. ಅಪರ್ಚರನ್ನು ನಡುವೆ ಮುಟ್ಟಬೇಡಿ. ಅದನ್ನು ಬದಲಿಸಿದರೆ ಹೊಳಪಿನ ಜೊತೆಗೆ ಫೋಕಸ್‌ನ ಆಳ, ಮೂಲೆಗಳ ಕಪ್ಪು ಎಲ್ಲವೂ ಬದಲಾಗುತ್ತವೆ, ಅವೆಲ್ಲವನ್ನೂ ಸಾಫ್ಟ್‌ವೇರ್ ಪೂರ್ತಿ ಹಿಂದಕ್ಕೆ ತರಲಾರದು. 1/1000ದಂಥ ವೇಗದ ಶಟರ್‌ನಲ್ಲಿ ವಾಹನಗಳು ತುಂಡು ತುಂಡಾಗಿ ಜಿಗಿದಂತೆ ಕಾಣುತ್ತವೆ ಎಂದು ಕೆಲವರು ಲೆನ್ಸಿಗೆ ಬೆಳಕು ತಗ್ಗಿಸುವ ಕಪ್ಪು ಗಾಜಾದ ಎನ್‌ಡಿ ಫಿಲ್ಟರ್ ಹಾಕುತ್ತಾರೆ. ಆಸೆ ಸರಿಯಾದದ್ದೇ. ಆದರೆ ಕತ್ತಲಾದ ಮೇಲೆ ಅದನ್ನು ತೆಗೆಯುವಾಗ ಕ್ಯಾಮೆರಾ ಒಂದಿಷ್ಟಾದರೂ ಅಲುಗುತ್ತದೆ. ತಿರುಗಿಸಿ ಹೆಚ್ಚುಕಡಿಮೆ ಮಾಡುವ ಎನ್‌ಡಿಯಂತೂ ವೈಡ್ ಲೆನ್ಸ್ ಮೇಲೆ ಆಕಾಶದಲ್ಲಿ ಕಪ್ಪು ಪಟ್ಟೆ ಎಬ್ಬಿಸುತ್ತದೆ. ಮೊದಲ ಯಶಸ್ಸು ಸಿಗುವವರೆಗೆ ಎನ್‌ಡಿ ಚೀಲದಲ್ಲೇ ಇರಲಿ.

ಯಾವಾಗ ಬದಲಿಸಬೇಕು? ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ಎಂದು ಚಿತ್ರದ ಹೊಳಪನ್ನು ತೋರಿಸುವ ನಕ್ಷೆ) ನೋಡಿ, ಪರದೆಯ ಚಿತ್ರವನ್ನು ನಂಬಬೇಡಿ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಪರದೆಯ ಮೇಲೆ ತೀರಾ ಕಪ್ಪಾದ ಚಿತ್ರವೂ ಬೆಳಗಾಗಿಯೇ ಕಾಣುತ್ತದೆ. ಸೂರ್ಯ ಚೌಕಟ್ಟಿನೊಳಗಿದ್ದರೆ ಅವನ ಬಿಂಬ ಬಿಳುಚಿಹೋಗುವುದನ್ನು ಒಪ್ಪಿಕೊಳ್ಳಿ, ಸುತ್ತಲಿನ ಆಕಾಶ ಬಿಳುಚದಂತೆ ನೋಡಿಕೊಳ್ಳಿ. ಸೂರ್ಯ ಮರೆಯಾದ ಮೇಲೆ ಹಿಸ್ಟೋಗ್ರಾಂನ ದಿಬ್ಬ ನಿಧಾನವಾಗಿ ಎಡಕ್ಕೆ ಸರಿಯುತ್ತದೆ. ಸರಿದದ್ದು ಕಂಡಾಗ ಮೂರನೇ ಒಂದು ಸ್ಟಾಪ್ ಏರಿಸಿ. ಕಡಿದಾದ ಹಂತದಲ್ಲಿ ಇದು ನಿಮಿಷಕ್ಕೊಮ್ಮೆ ಬರಬಹುದು, ಎಂದರೆ ಐದಾರು ಚಿತ್ರಕ್ಕೊಮ್ಮೆ. ಇಲ್ಲಿ ಒಂದು ತಾಳ್ಮೆ ಬೇಕು. ಮೋಡ ಬಂದು ನೋಟ ಕ್ಷಣಕಾಲ ಮಂಕಾದರೆ ಅದರ ಬೆನ್ನು ಹತ್ತಬೇಡಿ, ಅದು ಆ ಸಂಜೆಯ ನಿಜವಾದ ನೆರಳು, ವಿಡಿಯೊದಲ್ಲಿ ಇರಲಿ. ಏರಿಸಿದ್ದನ್ನು ಇಳಿಸುವುದು, ಇಳಿಸಿದ್ದನ್ನು ಮತ್ತೆ ಏರಿಸುವುದು ಬೇಡವೇ ಬೇಡ. ಸಂಜೆಯಲ್ಲಿ ಒಂದೇ ದಿಕ್ಕು.

ಕಳೆದುಹೋದ ಬೆಳಕನ್ನೆಲ್ಲ ತುಂಬಿಕೊಡಲೂ ಹೋಗಬೇಡಿ. 18 ಸ್ಟಾಪ್ ಬೆಳಕು ಇಳಿದರೆ 16ನ್ನಷ್ಟೇ ಏರಿಸಿ, ಎರಡು ಸ್ಟಾಪ್ ಬಾಕಿ ಬಿಡಿ. ಆ ಬಾಕಿಯೇ ನೋಡುವವರಿಗೆ ರಾತ್ರಿಯಾಗಿ ತೋರುತ್ತದೆ. ಕೊನೆಯಲ್ಲಿ ಹಿಸ್ಟೋಗ್ರಾಂ ಎಡಗಡೆಯ ಮೂರನೇ ಒಂದು ಭಾಗದಲ್ಲಿ ಕೂತಿರಬೇಕು, ಆದರೆ ಗೋಡೆಗೆ ಒತ್ತಿಕೊಂಡಿರಬಾರದು.

ಕೈಯಿಂದ ಬದಲಿಸುವಾಗಿನ ನಿಜವಾದ ಅಪಾಯ ಅಲುಗಾಟ. ಶಟರ್ ಮುಚ್ಚಿದ ಸದ್ದು ಕೇಳಿದ ನಂತರ, ಮುಂದಿನದು ತೆರೆಯುವ ಮೊದಲು, ಒಂದು ಬೆರಳಿನಿಂದ ಚಕ್ರ ತಿರುಗಿಸಿ. ಇದಕ್ಕಿಂತ ಚೆನ್ನಾದದ್ದು ಯುಎಸ್‌ಬಿ ಕೇಬಲ್ ಮೂಲಕ ಮೊಬೈಲ್ ಅಥವಾ ಲ್ಯಾಪ್‌ಟಾಪ್‌ನಿಂದ ಬದಲಿಸುವುದು. ಕ್ಯಾಮೆರಾವನ್ನು ಮುಟ್ಟುವ ಅಗತ್ಯವೇ ಇಲ್ಲ.

ಮನೆಗೆ ಬಂದ ಮೇಲಿನ ಕೆಲಸಕ್ಕೆ ಎಲ್‌ಆರ್‌ಟೈಮ್‌ಲ್ಯಾಪ್ಸ್ ಎಂಬ ಸಾಫ್ಟ್‌ವೇರ್ ಬಹುಕಾಲದಿಂದ ಬಳಕೆಯಲ್ಲಿದೆ, ಅದು ಚಿತ್ರ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್ ಜೊತೆಗೂಡಿ ಕೆಲಸ ಮಾಡುತ್ತದೆ. ಕೈಯಿಂದ ಏರಿಸಿದ ಸರಣಿಯ ಹೊಳಪನ್ನು ಗೆರೆಯಾಗಿ ಬರೆದರೆ ಅದು ಗರಗಸದ ಹಲ್ಲಿನಂತೆ ಇರುತ್ತದೆ. ಬೆಳಕು ಇಳಿಯುತ್ತ ಬರುತ್ತದೆ, ನೀವು ಏರಿಸಿದಾಗ ಥಟ್ಟನೆ ಮೇಲೇಳುತ್ತದೆ, ಮತ್ತೆ ಇಳಿಯುತ್ತದೆ. ಈ ಸಾಫ್ಟ್‌ವೇರ್ ಪ್ರತಿ ಚಿತ್ರದ ಶಟರ್ ಮತ್ತು ಐಎಸ್‌ಒ ದಾಖಲೆ ಓದಿ, ಜಿಗಿತದ ಹಿಂದಿನ ಚಿತ್ರಗಳನ್ನು ಕ್ರಮೇಣ ಬೆಳಗಿಸಿ, ಮುಂದಿನವನ್ನು ಅದಕ್ಕೆ ಸರಿಯಾಗಿ ತಗ್ಗಿಸಿ, ಹಲ್ಲುಗಳನ್ನು ಉಜ್ಜಿ ನುಣುಪಾದ ಇಳಿಜಾರು ಮಾಡುತ್ತದೆ. ಹೀಗೆ ಎಳೆದಾಡಿದರೂ ಬಣ್ಣ ಒಡೆಯದಿರಬೇಕಾದ್ದರಿಂದಲೇ ರಾ ಬೇಕೆನ್ನುವುದು. ವೈಟ್ ಬ್ಯಾಲೆನ್ಸನ್ನೂ ಹೀಗೆಯೇ, ಸಂಜೆಗೆ 5500 ಕೆಲ್ವಿನ್ ಆಸುಪಾಸಿನಿಂದ ರಾತ್ರಿಗೆ 4000ದ ಹತ್ತಿರಕ್ಕೆ, ನಿಧಾನವಾಗಿ ಜಾರಿಸಬಹುದು. 1/125 ಎಂದು ದಾಖಲಾದದ್ದು ವಾಸ್ತವದಲ್ಲಿ 1/128 ಇತ್ಯಾದಿ ಪುಟ್ಟ ವ್ಯತ್ಯಾಸಗಳಿಂದ ಸಣ್ಣದೊಂದು ಮಿನುಗು ಉಳಿದೀತು. ಕೊನೆಯ ಡಿಫ್ಲಿಕರ್ ಹಂತ ಇರುವುದು ಅದಕ್ಕೆ.

ಹಾಗಾಗಿ ನಿಮ್ಮ ಸ್ನೇಹಿತರ ಮಾತಿಗೆ ಉತ್ತರ: ಡಿಫ್ಲಿಕರ್ ಒಳ್ಳೆಯ ಕೊನೆಯ ಹಂತ, ಆದರೆ ಅದನ್ನೇ ಮೊದಲ ಹಂತವೆಂದು ನೆಚ್ಚಿಕೊಳ್ಳಬಾರದು. ಅದು ಅಕ್ಕಪಕ್ಕದ ಚಿತ್ರಗಳ ಹೊಳಪನ್ನು ಹೋಲಿಸಿ ಸರಾಸರಿಗೆ ತರುತ್ತದೆ. ಬಿಳುಚಿಹೋದ ಆಕಾಶವನ್ನು ಅದು ಮರಳಿಸದು, ಬಣ್ಣದ ಓಲಾಟವನ್ನು ಪೂರ್ತಿ ತಡೆಯದು, ಬಿಟ್ಟುಹೋದ ಚಿತ್ರಗಳನ್ನು ಹುಟ್ಟಿಸದು. ಬಳಸುವಾಗ ಹೋಲಿಕೆಗೆ ಸ್ಥಿರವಾದ ಜಾಗ ಆರಿಸಿ: ಮೋಡ ಕಡಿಮೆಯಿರುವ ಆಕಾಶದ ತುಂಡು ಆದೀತು, ವಾಹನ ಓಡಾಡುವ ರಸ್ತೆಯೋ ಹೊಳೆಯುವ ನೀರೋ ಆಗದು.

ತಾನಾಗಿ ಎಕ್ಸ್‌ಪೋಷರ್ ಬದಲಿಸುವ ಉಪಕರಣಗಳ ವಿಷಯ. ಅವು ಕೆಲಸ ಮಾಡುತ್ತವೆ. ಕೊನೆಯ ಚಿತ್ರದ ಹಿಸ್ಟೋಗ್ರಾಂ ಓದಿ ಮುಂದಿನದನ್ನು ನಿರ್ಧರಿಸುವುದರಿಂದ ಕ್ಯಾಮೆರಾದ ಮೀಟರಿಗಿಂತ ಸ್ಥಿರ. ವಾರಕ್ಕೆ ಹಲವು ಬಾರಿ, ಎರಡು ಮೂರು ಕ್ಯಾಮೆರಾ ಇಟ್ಟು ತೆಗೆಯುವವರಿಗೆ ಅವು ಬೇಕು. ನಿಮಗೆ ಈಗ ಬೇಕಿಲ್ಲ. ಅದೇ ಕೆಲಸವನ್ನು ಕ್ಯೂಡಿಎಸ್‌ಎಲ್‌ಆರ್‌ಡ್ಯಾಶ್‌ಬೋರ್ಡ್ ಎಂಬ ಆ್ಯಪ್ ಕೂಡ ಮೊಬೈಲಿನಿಂದ ಮಾಡಬಲ್ಲದು. ಅಪಾಯ ಇರುವುದು ಕೇಬಲ್ ಸಡಿಲವಾಗುವುದರಲ್ಲಿ, ಮೊಬೈಲ್ ಬ್ಯಾಟರಿ ಮುಗಿಯುವುದರಲ್ಲಿ, ಮಿಂಚೊಂದು ಹೊಳೆದಾಗ ಅದು ಗಲಿಬಿಲಿಗೊಳ್ಳುವುದರಲ್ಲಿ. ಇದರ ಮೊರೆಹೋಗುವ ಮುನ್ನ ಒಮ್ಮೆಯಾದರೂ ಕೈಯಿಂದ ಮಾಡಿ ಎಂಬುದು ನನ್ನ ಒತ್ತಾಯ. ಬೆಳಕು ಯಾವಾಗ ಬೇಗ ಬೀಳುತ್ತದೆ ಎಂಬುದು ಕೈಗೆ ತಿಳಿದವರು ಮಾತ್ರ ಯಂತ್ರ ತಪ್ಪಿದಾಗ ಅದನ್ನು ಗುರುತಿಸಬಲ್ಲರು.

ಅಪರ್ಚರ್ ಪ್ರಯಾರಿಟಿ ಪೂರ್ತಿ ನಿಷಿದ್ಧವೇ? ಇಲ್ಲ. ಮೋಡ ಕವಿದ ಮಧ್ಯಾಹ್ನ, ದೀಪ–ವಾಹನಗಳಿಲ್ಲದ ನೋಟ, ಮೂರು ನಾಲ್ಕು ಸ್ಟಾಪ್‌ನಷ್ಟೇ ಬದಲಾವಣೆ ಇದ್ದಾಗ ಅದು ನಡೆಯುತ್ತದೆ. ನಿಕಾನ್‌ನ ಹಲವು ಮಾದರಿಗಳಲ್ಲಿ ಇಂಟರ್ವಲ್ ಮೆನುವಿನಲ್ಲೇ ಎಕ್ಸ್‌ಪೋಷರ್ ಸ್ಮೂದಿಂಗ್ ಎಂಬ ಆಯ್ಕೆಯಿದೆ, ಅದು ಹಿಂದಿನ ಚಿತ್ರವನ್ನು ಗಮನದಲ್ಲಿಟ್ಟುಕೊಂಡು ಮುಂದಿನದನ್ನು ನಿರ್ಧರಿಸುತ್ತದೆ. ಬಳಸುವುದಾದರೆ ಶಟರ್ ಇಂಟರ್ವಲ್ ಮೀರುವ ಮೊದಲೇ ನಿಲ್ಲಿಸಿ.

ಕೈಯಿಂದ ಏರಿಸುವುದೂ ಭಾರವೆನಿಸಿದರೆ ಇನ್ನೊಂದು ಹಾದಿಯಿದೆ, ಅದನ್ನು ಕೀಳಾಗಿ ಕಾಣುವವರ ಮಾತು ಕೇಳಬೇಡಿ. ಕ್ಯಾಮೆರಾವನ್ನು ಅಲುಗಿಸದೆ ಮೂರು ತುಂಡು ತೆಗೆಯಿರಿ: ಸೂರ್ಯಾಸ್ತಕ್ಕೊಂದು, ನೀಲಿ ಮುಸ್ಸಂಜೆಗೊಂದು, ರಾತ್ರಿಗೊಂದು. ಪ್ರತಿ ತುಂಡೂ ತನ್ನೊಳಗೆ ಪೂರ್ತಿ ಸ್ಥಿರ ಸೆಟ್ಟಿಂಗ್. ಎಡಿಟಿಂಗ್‌ನಲ್ಲಿ ಒಂದನ್ನು ಇನ್ನೊಂದರೊಳಗೆ ಕರಗಿಸಿ. ಚೌಕಟ್ಟು ಒಂದೇ ಆಗಿರುವುದರಿಂದ ನೋಡುಗರಿಗೆ ಬೆಸುಗೆ ಅಷ್ಟಾಗಿ ಕಾಣುವುದಿಲ್ಲ. ಬೆಳಕು ಅತಿ ವೇಗವಾಗಿ ಬೀಳುವ ಆ ಹದಿನೈದು ನಿಮಿಷದ ನಿಜವಾದ ಚಲನೆ ಮಾತ್ರ ನಿಮಗೆ ಸಿಗುವುದಿಲ್ಲ.

ಸೂರ್ಯೋದಯವನ್ನು ಇದರ ನಂತರಕ್ಕೆ ಇಟ್ಟುಕೊಳ್ಳಿ. ಕ್ರಮ ತಲೆಕೆಳಗು, ಮೊದಲು ಐಎಸ್‌ಒ ಇಳಿಸಿ, 100ಕ್ಕೆ ಬಂದ ಮೇಲೆ ಶಟರ್ ಕಿರಿದುಮಾಡುತ್ತ ಹೋಗಬೇಕು. ಸಂಜೆಯಲ್ಲಿ ತಡಮಾಡಿದರೆ ಚಿತ್ರ ಕಪ್ಪಾಗುತ್ತದೆ, ರಾ ಇದ್ದರೆ ಕೊಂಚ ಮೇಲೆತ್ತಬಹುದು. ಬೆಳಗಿನಲ್ಲಿ ತಡಮಾಡಿದರೆ ಆಕಾಶ ಬಿಳುಚುತ್ತದೆ, ಬಿಳುಚಿದ್ದು ಮರಳದು. ಆದ್ದರಿಂದ ಬೆಳಗ್ಗೆ ಅರ್ಧ ಸ್ಟಾಪ್ ಮುಂದಾಗಿಯೇ ಇರಿ. ಕತ್ತಲಲ್ಲಿ ಫೋಕಸ್ ಮಾಡುವುದೂ ಕಷ್ಟ, ಸೂರ್ಯ ಎಲ್ಲಿ ಏಳುತ್ತಾನೆ ಎಂದು ಅಂದಾಜಿಸುವುದೂ ಕಷ್ಟ. ಹಿಂದಿನ ದಿನ ಹಗಲಿನಲ್ಲೇ ಹೋಗಿ ಚೌಕಟ್ಟು ನೋಡಿ, ಫೋಕಸ್ ಉಂಗುರಕ್ಕೆ ಟೇಪ್ ಅಂಟಿಸಿಕೊಂಡು ಬನ್ನಿ. ಬೆಳಗಿನ ಜಾವ ಲೆನ್ಸ್ ಮೇಲೆ ಇಬ್ಬನಿ ಕೂರುವುದನ್ನು ಆಗಾಗ ಪರೀಕ್ಷಿಸಿ.

ತೆಗೆದಿರುವ ಚಿತ್ರಗಳ ವಿಚಾರ. ಎರಡನೆಯ ಪ್ರಯತ್ನದ ಮೊದಲ ಭಾಗಕ್ಕೆ, ಕಪ್ಪಾಗುವ ಮೊದಲಿನವರೆಗೆ, ಡಿಫ್ಲಿಕರ್ ಹಚ್ಚಿ. ಅಪರ್ಚರ್‌ನಿಂದ ಬಂದ ಸಣ್ಣ ಮಿನುಗು ಚೆನ್ನಾಗಿಯೇ ಹೋಗುತ್ತದೆ, ಒಳ್ಳೆಯ ಸೂರ್ಯಾಸ್ತದ ತುಂಡು ಸಿಗುತ್ತದೆ. ಮೊದಲ ಪ್ರಯತ್ನದ ಕೊನೆಯ ಭಾಗವನ್ನು ಉಳಿಸಲು ಹೆಣಗಬೇಡಿ. ಜೆಪೆಗ್, ಓಲಾಡುವ ಬಣ್ಣ, ಬಿಟ್ಟುಹೋದ ಚಿತ್ರಗಳು, ಮೂರೂ ಸೇರಿದಾಗ ಶ್ರಮ ವ್ಯರ್ಥ. ಆದರೆ ಆ 800 ಚಿತ್ರಗಳನ್ನು ಅಳಿಸಬೇಡಿ. ಪ್ರತಿಯೊಂದರಲ್ಲೂ ಸಮಯ, ಶಟರ್, ಐಎಸ್‌ಒ ದಾಖಲಾಗಿದೆ. ಹತ್ತು ನಿಮಿಷಕ್ಕೊಂದರಂತೆ ಚಿತ್ರ ತೆರೆದು ಅವನ್ನು ಕಾಗದದ ಮೇಲೆ ಇಳಿಸಿಕೊಳ್ಳಿ, ಎಫ್/8ರಿಂದ ಎಫ್/2.8ಕ್ಕೆ ಮೂರು ಸ್ಟಾಪ್ ಲೆಕ್ಕ ಹಾಕಿ ಬದಲಿಸಿಕೊಳ್ಳಿ. ಮೀಟರ್ ಎಷ್ಟೇ ಓಲಾಡಿದ್ದರೂ, ತೀರಾ ಕತ್ತಲಾಗುವವರೆಗೆ ಅದೇ ಗುಡ್ಡದ ಮೇಲೆ ಬೆಳಕು ಎಷ್ಟು ಹೊತ್ತಿಗೆ ಎಷ್ಟು ಇಳಿಯಿತು ಎಂಬುದು ಅದರಲ್ಲಿದೆ. ಮುಂದಿನ ಬಾರಿ ಹೋಗುವಾಗ ಆ ಕಾಗದ ಜೇಬಿನಲ್ಲಿರಲಿ.